ಪಾಕೆಟ್ ಮೆಷಿನ್ ಬಂದರೆ ಟೈಲರ್ ಕೆಲಸ ಹೋಗುತ್ತಾ? – ಪ್ರತಿಕ್ರಿಯೆ

ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಲೈನಿಗೆ ಆಟೋ ಪಾಕೆಟ್ ಸೆಟ್ಟರ್ (ಜೇಬನ್ನು ತಾನೇ ಹೊಲಿಯುವ ಮೆಷಿನ್) ಬಂದಿದೆ, ಟೈಲರ್‌ಗಳನ್ನೆಲ್ಲ ತೆಗೀತಾರಂತೆ, ಈಗಲೇ ರಾಜೀನಾಮೆ ಕೊಡಲಾ ಅಂತ ಕೇಳಿದ್ದೀರಿ. ಒಂದು ಆಪರೇಷನ್, ಅಂದರೆ ಹೊಲಿಗೆಯ ಒಂದು ಹಂತ, ಹೋದರೆ ಇಡೀ ಕೆಲಸವೇ ಹೋಯಿತು ಅಂತ ಲೈನಿನಲ್ಲಿ ಮಾತಾಗಿರಬೇಕು, ಭಯ ಅಲ್ಲಿಂದ ಬಂದಿದ್ದು. ಆ ಮೆಷಿನ್ ಚಪ್ಪಟೆ ಹಾಸಿದ ಬಟ್ಟೆಗೆ ಜೇಬು ಮಡಚಿ ಹೊಲಿಯುತ್ತದೆ, ಅಷ್ಟೇ. ಜೇಬಿನ ಆಕಾರ ಬದಲಾದರೆ ಅದರ ಅಚ್ಚೂ ಬದಲಾಗಬೇಕು, ಹಾಗಾಗಿ ಸ್ಟೈಲ್ ಪದೇಪದೇ ಬದಲಾಗುವ ಲೈನಿನಲ್ಲಿ ಅದು ಸುಮ್ಮನೆ ನಿಂತಿರಲೂಬಹುದು. ತೋಳು, ಕಾಲರ್ ಕೂಡಿಸುವಾಗ ಬಾಗಿದ ಎರಡು ಅಂಚುಗಳನ್ನು ಬೆರಳಲ್ಲೇ ಹೊಂದಿಸುತ್ತಾ ಹೋಗಬೇಕು. ಮೆತ್ತನೆ ಬಟ್ಟೆ ಜಾರುತ್ತದೆ, ಸುಕ್ಕಾಗುತ್ತದೆ. ಅಲ್ಲಿ ಇನ್ನೂ ಕೈಯೇ ಬೇಕು.

ನಿಮಗೆ ಪಾಕೆಟ್ ಅಟ್ಯಾಚ್ ಒಂದೇ ಗೊತ್ತಿದ್ದರೆ ಅಪಾಯ ನಿಜ. ಮೊದಲು ಸೂಪರ್‌ವೈಸರ್ ಹತ್ತಿರ ತೋಳು ಅಥವಾ ಕಾಲರ್ ಕಲಿಸಿ ಅಂತ ಕೇಳಿ, ಕಲಿತದ್ದನ್ನು ಸ್ಕಿಲ್ ಪಟ್ಟಿಯಲ್ಲಿ (ಯಾರಿಗೆ ಯಾವ ಕೆಲಸ ಬರುತ್ತದೆ ಎಂಬ ಪಟ್ಟಿ) ಬರೆಸಿ. ಹೊಸ ಮೆಷಿನ್‌ಗೂ ಆಪರೇಟರ್ ಬೇಕಲ್ಲ, ಆ ಜಾಗವನ್ನೂ ಕೇಳಿ. ಆಮೇಲೆ ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಖಾತೆಯ ಯುಎಎನ್ ನಂಬರ್ ಮನೆಯಲ್ಲಿ ಜೋಪಾನವಾಗಿಡಿ.

ರಾಜೀನಾಮೆಗೆ ಮಾತ್ರ ಸಹಿ ಹಾಕಬೇಡಿ, ಎಚ್‌ಆರ್‌ನವರು ಎಷ್ಟೇ ನಯವಾಗಿ ಕೇಳಲಿ. ಒಂದು ವರ್ಷ ಸತತ ಸೇವೆ ಆದವರನ್ನು ಆಳು ಹೆಚ್ಚಾಯಿತೆಂದು ಕಂಪನಿಯೇ ತೆಗೆದರೆ, ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ನೀವೇ ಬಿಟ್ಟರೆ ಈ ಪರಿಹಾರ ಇಲ್ಲ. 5 ವರ್ಷ ತುಂಬಿದ್ದರೆ ಗ್ರಾಚ್ಯುಟಿ (ಸೇವೆಗಾಗಿ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) ಬೇರೆ, ಅದು ನೀವೇ ಬಿಟ್ಟರೂ, ಆಳು ಹೆಚ್ಚಾಯಿತೆಂದು ಕಂಪನಿ ತೆಗೆದರೂ ಬರುತ್ತದೆ.