ಮೋರಿಯ ಬಾಯಿಯೂ ಅರ್ಧವಾರ್ಷಿಕ ವರದಿಯೂ

ಓದುಗರ ಪತ್ರ: ಮಾನ್ಯರೇ, ಮಡಿಕೇರಿಯ ಹೊರವಲಯದಲ್ಲಿ ಇಳಿಜಾರಿನ ಮೇಲೆ ಎದ್ದೇಳುತ್ತಿರುವ ಒಂದು ದೊಡ್ಡ ಕಟ್ಟಡ ಸಮುಚ್ಚಯದ ಕಾಮಗಾರಿಯಲ್ಲಿ ನಾನು ಪರಿಸರ ಸಂಯೋಜಕ. ಮುಖ್ಯ ಗುತ್ತಿಗೆದಾರರ ಕೆಳಗೆ ಐವರು ಉಪಗುತ್ತಿಗೆದಾರರಿದ್ದಾರೆ. ಕಳೆದ ವಾರ ಒಳರಸ್ತೆಯ ಮೋರಿಯ ಬಾಯಿ ಅಗೆದ ಮಣ್ಣಿನಿಂದ ಅರ್ಧ ಮುಚ್ಚಿಹೋಗಿತ್ತು. ಅದನ್ನು ಬಿಡಿಸಿ ಎಂದರೆ ಅವರಲ್ಲಿ ಮೂವರು ‘ಅದು ನಮ್ಮ ಬಾಬತ್ತಿನಲ್ಲಿಲ್ಲ’ ಎಂದರು. ಅತ್ತ ಬೆಂಗಳೂರಿನ ಸಲಹಾ ಕಚೇರಿಯಲ್ಲಿ ಸಿದ್ಧವಾದ, ಪರಿಸರ ಅನುಮತಿಯ ಷರತ್ತುಗಳ ಪಾಲನೆ ಕುರಿತ ಅರ್ಧವಾರ್ಷಿಕ ವರದಿಯಲ್ಲಿ ಪ್ರತಿ ಷರತ್ತಿನ ಮುಂದೆಯೂ ‘ಪಾಲಿಸಲಾಗಿದೆ’ ಎಂದು ಬರೆದಿದೆ. ವರದಿ ಹೇಗೂ ಸರಿಯಾಗಿಯೇ ಹೋಗುವುದಾದರೆ ನಾನು ಇಲ್ಲಿ ಏಕಿದ್ದೇನೆ? ಗುತ್ತಿಗೆದಾರರ ಕಷ್ಟವೂ ಸುಳ್ಳಲ್ಲ. ನಾನು ಕೇವಲ ಸಂಯೋಜಕ, ಆಜ್ಞೆ ಮಾಡುವವನಲ್ಲ. ತಮ್ಮ ಅಭಿಪ್ರಾಯ ತಿಳಿಸುವಿರಾ? (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲಿಗೆ ನಿಮ್ಮ ‘ಕೇವಲ’ದ ಬಗ್ಗೆ ನನ್ನ ತಕರಾರು. ಇಂಜಿನಿಯರು ತನ್ನನ್ನು ಕೇವಲ ಇಂಜಿನಿಯರು ಎಂದುಕೊಳ್ಳುವುದಿಲ್ಲ, ಬಿಲ್ಲು ಬರೆಯುವವರು ತಮ್ಮನ್ನು ಕೇವಲ ಬಿಲ್ಲು ಬರೆಯುವವರು ಎಂದುಕೊಳ್ಳುವುದಿಲ್ಲ. ಮಳೆ ಬಂದಾಗ ಆ ಗುಡ್ಡ ಎತ್ತ ಜಾರೀತು ಎಂದು ದಿನವೂ ನೋಡಬೇಕಾದ ಒಬ್ಬನೇ ಮನುಷ್ಯ ಮಾತ್ರ ತನ್ನ ಹುದ್ದೆಯ ಹಿಂದೆ ಆ ಪದವನ್ನು ಅಂಟಿಸಿಕೊಂಡಿದ್ದಾನೆ. ಹತ್ತು ಜನ ಹೇಳಿ ಹೇಳಿ ನಿಮಗೆ ಅದು ಅಭ್ಯಾಸವಾಗಿರಬೇಕು.

ಗುತ್ತಿಗೆದಾರರ ಕಷ್ಟ ಸುಳ್ಳಲ್ಲ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಕೊಡಗಿನಲ್ಲಿ ಮಣ್ಣಿನ ಕೆಲಸಕ್ಕೆ ಸಿಗುವುದು ವರ್ಷದ ಅರ್ಧಕ್ಕಿಂತ ತುಸು ಹೆಚ್ಚು ದಿನಗಳು ಮಾತ್ರ. ಸುಗ್ಗಿಯ ಹಬ್ಬ ಪುತ್ತರಿ ಕಳೆದು ಗದ್ದೆ ಒಣಗಿ, ಕಾಫಿ ಕೊಯ್ಲಿನಿಂದ ಆಳುಗಳು ಬಿಡುವಾಗುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಕಾಫಿ ಹೂ ಅರಳಿಸುವ ಏಪ್ರಿಲ್‌ನ ಹೂಮಳೆ ಮುಗಿದು ಕಣ್ಣು ಮಿಟುಕಿಸುವಷ್ಟರಲ್ಲಿ ಜೂನ್. ಮರ ಕಡಿಯಲು 1976ರ ಕಾಯ್ದೆಯಡಿ ಒಂದು ಕಚೇರಿಯ ಅನುಮತಿ, ಸ್ಥಾಪನಾ ಸಮ್ಮತಿಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಕಲ್ಲು ಮರಳಿಗೆ ಗಣಿ ಇಲಾಖೆ, ಹೀಗೆ ಬಾಗಿಲು ಬಾಗಿಲಿಗೆ ಕಾಗದ ಹಿಡಿದು ನಿಲ್ಲುವವರ ಮೇಲೆ ಕನಿಕರ ಬಾರದೆ ಇರದು. ಇಷ್ಟು ಹೇಳಿದ ಮೇಲೆ ಅವರ ಪರವಾಗಿ ನನ್ನಲ್ಲಿ ಹೆಚ್ಚೇನೂ ಉಳಿದಿಲ್ಲ. ಮೋರಿಯ ಬಾಯಿಯ ಮಣ್ಣು ತೆಗೆಯಲು ಇಬ್ಬರು ಆಳಿಗೆ ಅರ್ಧ ದಿನ ಸಾಕು, ಅದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಡ.

ಈಗ ನನಗೆ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ನಮ್ಮ ತೋಟಗಳಲ್ಲಿ ಮಳೆ ಪುಸ್ತಕವೆಂಬುದೊಂದು ಇರುತ್ತದೆ, ನೀವೂ ಕಂಡಿರುತ್ತೀರಿ. ಪ್ರತಿ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರರಲ್ಲೊಂದು ಭಾಗ) ಬರೆದಿಡುವ ಪದ್ಧತಿ; ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಮ್ಮ ಬೆಳೆಗಾರರು ಇಂಚನ್ನು ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಈ ಪುಸ್ತಕವನ್ನು ಬರೆಯುತ್ತಿದ್ದವರು ತೋಟದ ರೈಟರು, ಎಂದರೆ ಲೆಕ್ಕ ಬರೆಯುವ ಗುಮಾಸ್ತರು. ಅವರ ಪುಸ್ತಕದಲ್ಲಿ ಅಂಕಿಯ ಪಕ್ಕ ಇನ್ನೊಂದು ಅಂಕಣವಿತ್ತು, ಅದಕ್ಕೆ ತಲೆಬರಹವಿರಲಿಲ್ಲ. ಒಂದು ದಿನ ‘ಲೈನ್‌ಮನೆ ಹಿಂದಿನ ಬರೆಯಿಂದ ಕೆಂಪು ನೀರು’ (ಲೈನ್‌ಮನೆ ಎಂದರೆ ಆಳುಗಳ ಸಾಲುಮನೆ, ಬರೆ ಎಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ), ಮರುದಿನ ‘ಚರಂಡಿ ಬಿಡಿಸಿದೆ, ನೀರು ತಿಳಿಯಾಯಿತು’, ಇನ್ನೊಂದು ದಿನ ‘ಸಿಲ್ವರ್ ಓಕ್ ಒಂದು ವಾಲಿದೆ, ನೋಡುತ್ತಿರಬೇಕು’. ಒರತೆಯ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ನೆಟ್ಟಗಿದ್ದ ಮರ ವಾಲಿದರೆ ಒಳಗೆ ಮಣ್ಣು ಸಡಿಲವಾಗುತ್ತಿದೆ ಎಂದರ್ಥವೆಂದು ಭೂಕುಸಿತದ ಕೈಪಿಡಿಗಳೂ ಹೇಳುತ್ತವೆ. ರೈಟರು ಆ ಕೈಪಿಡಿಗಳನ್ನು ಓದಿದವರಲ್ಲ. ಅವರು ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬೆ ಹಾಕಿಕೊಂಡು ತೋಟ ಸುತ್ತುತ್ತಿದ್ದರು, ಅಷ್ಟೇ.

ಆ ಪುಸ್ತಕದ ವಾಕ್ಯಗಳಲ್ಲಿ ಕರ್ತೃ ಇರುತ್ತಿದ್ದ ಎಂಬುದನ್ನು ಗಮನಿಸಿ. ಚರಂಡಿ ಬಿಡಿಸಿದೆ ಎಂದರೆ ನಾನು ಬಿಡಿಸಿದೆ ಎಂದೇ ಅರ್ಥ. ‘ಪಾಲಿಸಲಾಗಿದೆ’ ಎಂಬುದು ಕರ್ಮಣಿ ಪ್ರಯೋಗ. ಕನ್ನಡದ ನಾಲಿಗೆಗೆ ಅಷ್ಟಾಗಿ ಒಗ್ಗದ ಈ ಪ್ರಯೋಗವು ಸರ್ಕಾರಿ ಕಡತಗಳಲ್ಲಿ ಮಾತ್ರ ಕಳೆಯಂತೆ ಹಬ್ಬಲು ಕಾರಣವಿದೆ: ಅದರಲ್ಲಿ ಮಾಡಿದವನು ಕಾಣುವುದಿಲ್ಲ. ಯಾರು ಪಾಲಿಸಿದರು, ಯಾವ ದಿನ, ಯಾವ ಜಾಗದಲ್ಲಿ ಎಂದು ಕೇಳಿದರೆ ಆ ಪದ ಬಾಯಿ ಬಿಡುವುದಿಲ್ಲ. ನಿಮ್ಮ ಕಾಮಗಾರಿಯಲ್ಲಿ ಅಗೆದ ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಮುಚ್ಚಿಡಬೇಕೆಂಬ ಷರತ್ತು ಇದ್ದೇ ಇರುತ್ತದೆ. ಅದರ ಮುಂದೆ ‘ಪಾಲಿಸಲಾಗಿದೆ’ ಎಂದು ಬೆಂಗಳೂರಿನಲ್ಲಿ ಕುಳಿತು ಬರೆಯಬಹುದು. ‘ಮಂಗಳವಾರ ಸಂಜೆ ರಾಶಿಯ ತಾರ್ಪಾಲು ಗಾಳಿಗೆ ಹಾರಿತ್ತು, ಬುಧವಾರ ಬೆಳಿಗ್ಗೆ ಹೊದಿಸಿದೆವು, ನಡುವೆ ಒಂದೂವರೆ ಇಂಚು ಮಳೆ’ ಎಂದು ಬರೆಯಬೇಕಾದರೆ ಅಲ್ಲಿ ಒಬ್ಬರು ನಿಂತಿರಬೇಕು. ನೀವು ಏಕಿದ್ದೀರಿ ಎಂದು ಕೇಳಿದಿರಲ್ಲ, ಈ ಎರಡನೆಯ ವಾಕ್ಯಕ್ಕಾಗಿ.

ವರದಿಯ ದಿನಾಂಕಗಳನ್ನೇ ನೋಡಿ. ಪರಿಸರ ಅನುಮತಿ ಪಡೆದ ಯೋಜನೆಗಳು ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಂತೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಪಾಲನಾ ವರದಿ ಸಲ್ಲಿಸಬೇಕು. ದೆಹಲಿಯಲ್ಲಿ ಈ ದಿನಾಂಕ ಗೊತ್ತುಮಾಡಿದವರು ಕೊಡಗನ್ನು ಮನಸ್ಸಿನಲ್ಲಿಟ್ಟಿರಲಿಲ್ಲವೆಂಬುದು ಖಂಡಿತ. ಜೂನ್ 1 ಎಂದರೆ ಮುಂಗಾರು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನ. ಅಂದು ನಮ್ಮ ಕಡಿದ ಬರೆಗಳೆಲ್ಲ ಒಣಗಿ ಗಟ್ಟಿಯಾಗಿ ಗೋಡೆಯಂತೆ ನಿಂತಿರುತ್ತವೆ. ಡಿಸೆಂಬರ್ 1ರ ಹೊತ್ತಿಗೆ ಕುಸಿದ ಬರೆಯ ಮೇಲೆಲ್ಲ ಕಳೆಗಿಡ ಬೆಳೆದು ಹಸಿರಾಗಿ, ಫೋಟೋ ತೆಗೆದರೆ ಹುಲ್ಲು ಹೊದಿಸಿದಂತೆಯೇ ಕಾಣುತ್ತದೆ. ಕೆಡುಕೆಲ್ಲ ನಡೆಯುವುದು ಇವೆರಡರ ನಡುವೆ, ಜುಲೈ ಆಗಸ್ಟಿನ ಮಳೆಯ ತಿಂಗಳಾದ ಕಕ್ಕಡದ ಕತ್ತಲಲ್ಲಿ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಹಟ್ಟಿಹೊಳೆಗಳಲ್ಲಿ ಗುಡ್ಡಗಳು ಜಾರಿದ್ದು 2018ರ ಆಗಸ್ಟ್‌ನಲ್ಲಿ. ತೋರ ಗ್ರಾಮದ ಕುಸಿತ 2019ರ ಆಗಸ್ಟ್‌ನಲ್ಲಿ. ತಲಕಾವೇರಿಯ ಬಳಿ ಬ್ರಹ್ಮಗಿರಿ ಜಾರಿ ಅರ್ಚಕರ ಮನೆಯನ್ನು ನುಂಗಿದ್ದು 2020ರ ಆಗಸ್ಟ್‌ನಲ್ಲಿ. ಆ ತಿಂಗಳುಗಳಲ್ಲಿ ಬರೆಯ ಕೆಳಗೆ ನಿಂತು ಬರೆದ ಒಂದು ಪುಟವು ಡಿಸೆಂಬರಿನ ನೂರು ಪುಟಗಳಿಗಿಂತ ಬೆಲೆಯುಳ್ಳದ್ದೆಂದು ನಾನು ನಂಬಿದ್ದೇನೆ.

ನಿಮ್ಮ ಮೂವರು ಉಪಗುತ್ತಿಗೆದಾರರ ಉತ್ತರ ನನಗೆ ಹೊಸದಲ್ಲ, ಮತ್ತು ಅವರು ಸುಳ್ಳನ್ನೂ ಹೇಳಿಲ್ಲ. ಬರೆ ಕಡಿಯುವುದು ಒಬ್ಬರ ಬಾಬತ್ತು, ಮಣ್ಣು ಸಾಗಿಸುವುದು ಇನ್ನೊಬ್ಬರದು, ತಡೆಗೋಡೆ ಮತ್ತೊಬ್ಬರದು. ಮೋರಿ ಈ ಮೂರೂ ಸೇರುವ ಸಂದಿನಲ್ಲಿದೆ. ಗುಡ್ಡದ ಕಾಮಗಾರಿಗಳು ಕೆಡುವುದು ಹೆಚ್ಚಾಗಿ ಇಂಥ ಸಂದುಗಳಲ್ಲಿಯೇ. ಬರೆಯ ನೆತ್ತಿಯಲ್ಲಿ ನೀರು ತಿರುಗಿಸುವ ಚರಂಡಿ ಮೊದಲು ಆಗಬೇಕು, ಆಮೇಲೆ ಕಡಿತ. ಆದರೆ ಹಿಟಾಚಿಯ ಬಾಡಿಗೆ ಗಂಟೆಯ ಲೆಕ್ಕದ್ದು, ಚರಂಡಿಯ ಮೇಸ್ತ್ರಿ ಮುಂದಿನ ವಾರ ಬರುವವನು, ಆದ್ದರಿಂದ ಕಡಿತವೇ ಮೊದಲಾಗುತ್ತದೆ. ತಡೆಗೋಡೆಯಲ್ಲಿ ನೀರು ಹೊರಹೋಗುವ ತೂತುಗಳಾದ ನೀರುಗಿಂಡಿಗಳನ್ನು ನಕ್ಷೆಯಂತೆಯೇ ಬಿಟ್ಟಿರುತ್ತಾರೆ, ಅವುಗಳ ಹಿಂದೆ ತುಂಬಬೇಕಾದ ಜಲ್ಲಿಯ ಬದಲು ಅಲ್ಲೇ ಅಗೆದ ಜೇಡಿಮಣ್ಣನ್ನು ತುಂಬಿರುತ್ತಾರೆ. ಹೊರಗಿನಿಂದ ನೋಡಿದರೆ ಗೋಡೆ ನಕ್ಷೆಗೆ ಸರಿಯಾಗಿದೆ. ಎರಡನೆಯ ಮಳೆಗಾಲದಲ್ಲಿ ಗೋಡೆಯ ಹಿಂದೆ ನೀರು ನಿಂತು, ಆ ಭಾರಕ್ಕೆ ಗೋಡೆ ಹೊಟ್ಟೆ ಬಿಡುತ್ತದೆ. ಜಲ್ಲಿ ಸುರಿಯುವ ಮಧ್ಯಾಹ್ನ ಒಬ್ಬರು ಅಲ್ಲಿ ನಿಂತು ನೋಡಿದ್ದರೆ ಸಾಕಿತ್ತು. ಸಂಯೋಜನೆ ಎಂಬ ಪದಕ್ಕೆ ಕೂಡಿಸುವುದು ಎಂದಲ್ಲವೆ ಅರ್ಥ? ಸಭೆ ಕರೆದು ಚಹಾ ಕೊಡುವುದನ್ನು ಅದು ಸೂಚಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಗೆಳೆಯರೊಬ್ಬರ ಗದ್ದೆಯ ಮೇಲ್ಭಾಗದಲ್ಲಿ ಒಂದು ವಸತಿಗೃಹದ ಕಾಮಗಾರಿ ನಡೆಯಿತು. ಅಗೆದ ಮಣ್ಣನ್ನು ಕೊಲ್ಲಿಯ ಅಂಚಿಗೆ ಸುರಿದಿದ್ದರು. ಜುಲೈ ತಿಂಗಳ ಒಂದೇ ರಾತ್ರಿ ಆ ರಾಶಿ ಇಳಿದು ನಾಟಿ ಮುಗಿದ ಎರಡು ಮಡಿಗಳನ್ನು ಮುಚ್ಚಿತು. ಗೆಳೆಯರೊಂದಿಗೆ ನಾನೂ ಅಲ್ಲಿಗೆ ಹೋಗಿದ್ದೆ. ಆ ವಸತಿಗೃಹದ ಕಚೇರಿಯಲ್ಲಿ ನಮಗೆ ಒಳ್ಳೆಯ ಕಾಫಿ ಕೊಟ್ಟರು, ಅಂದವಾಗಿ ಹೊಲಿದ ಒಂದು ಕಡತವನ್ನೂ ತೋರಿಸಿದರು. ಅದರಲ್ಲಿ ಅಗೆದ ಮಣ್ಣನ್ನು ‘ಗೊತ್ತುಪಡಿಸಿದ ಸ್ಥಳದಲ್ಲಿ ವಿಲೇವಾರಿ ಮಾಡಲಾಗಿದೆ’ ಎಂದಿತ್ತು. ಆ ಸ್ಥಳ ಯಾವುದು ಎಂದು ಗೆಳೆಯರು ಕೇಳಿದರು. ಮ್ಯಾನೇಜರು ಕಿಟಕಿಯತ್ತ ಕೈ ತೋರಿಸಿದರು. ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಪರಿಹಾರದ ಮಾತು ಬೇರೆಯೇ ಕಥೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಆ ಕಟ್ಟಡಕ್ಕೆ ಪರಿಸರ ಅನುಮತಿಯೇ ಬೇಕಿರಲಿಲ್ಲ ಎಂಬುದು ಆಮೇಲೆ ನನಗೆ ತಿಳಿಯಿತು. 2006ರ ಅಧಿಸೂಚನೆಯಲ್ಲಿ ಕಟ್ಟಡಗಳ ಲೆಕ್ಕ ಶುರುವಾಗುವುದೇ 20,000 ಚದರ ಮೀಟರಿನಿಂದ. ಬಯಲುಸೀಮೆಯ ನಗರಕ್ಕೆ ಅದು ಸರಿಯಾದ ಗೆರೆಯಿರಬಹುದು, ಆದರೆ ನಮ್ಮ ಇಳಿಜಾರಿನಲ್ಲಿ ಅದರ ಹತ್ತನೆಯ ಒಂದು ಭಾಗದ ಕಟ್ಟಡಕ್ಕಾಗಿ ಕಡಿದ ಬರೆಯೂ ಕೆಳಗಿನ ಮನೆಯನ್ನು ಹೊತ್ತೊಯ್ಯಬಲ್ಲದು. ನಿಮ್ಮ ಕಾಮಗಾರಿಗೆ ಷರತ್ತುಗಳಿವೆ, ಸಂಯೋಜಕರಿದ್ದಾರೆ, ವರದಿಯಿದೆ. ಸುತ್ತಲಿನ ನೂರಾರು ಸಣ್ಣ ಕಾಮಗಾರಿಗಳಿಗೆ ಇವು ಯಾವುವೂ ಇಲ್ಲ. ಹೀಗಿರುವಾಗ ಇರುವಲ್ಲಿಯೂ ಆ ಹುದ್ದೆಯನ್ನು ‘ಕೇವಲ’ ಮಾಡಿಕೊಂಡರೆ ಹೇಗೆ?

ನಮ್ಮ ಜಿಲ್ಲೆಯ ಮೇಲೂ ನನಗೆ ಒಂದು ದೂರಿದೆ. ಪಶ್ಚಿಮಘಟ್ಟದ ಸಂರಕ್ಷಣೆ ಕುರಿತು 2011ರಲ್ಲಿ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ವರದಿ ಕೊಟ್ಟಂದಿನಿಂದ ನಾವು ಸೂಕ್ಷ್ಮ ಪ್ರದೇಶದ ನಕ್ಷೆಯ ಗೆರೆ ಎಲ್ಲಿ ಹಾದುಹೋಗಬೇಕೆಂದು ಜಗಳವಾಡುತ್ತಲೇ ಇದ್ದೇವೆ. ಪರ ಇರುವವರು ಸೆಮಿನಾರು ಮಾಡಿದರು, ವಿರೋಧವಿರುವವರು ಬಂದ್ ಮಾಡಿದರು, ಈ ಪತ್ರಿಕೆಯೂ ಎರಡೂ ಕಡೆಯ ಲೇಖನಗಳನ್ನು ಬೇಕಾದಷ್ಟು ಅಚ್ಚು ಹಾಕಿದೆ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಮೋರಿಯ ಬಾಯಿಯ ಬಗ್ಗೆ ಬಂದ ಪತ್ರ ನಿಮ್ಮದೇ ಮೊದಲನೆಯದು. ಜೂನ್ 5ರಂದು ಮಾತ್ರ ನಮ್ಮೆಲ್ಲರಿಗೂ ಪರಿಸರದ ನೆನಪಾಗಿ, ಒಂದು ಸಸಿಯನ್ನು ಎಂಟು ಕೈಗಳು ಹಿಡಿದ ಚಿತ್ರ ಪತ್ರಿಕೆಗೆ ಬರುತ್ತದೆ. 2018ರಲ್ಲಿ ಗುಡ್ಡಗಳಿಂದ ಇಳಿದ ಮಣ್ಣು ಹಾರಂಗಿ ಜಲಾಶಯದಲ್ಲಿ ಹೂಳಾಗಿ ಕುಳಿತಿತು. ಹಳ್ಳ ಕೊಲ್ಲಿಗಳಿಗೆ ನಾವು ದಿನವೂ ಬಿಡುವ ಒಂದೊಂದು ಬುಟ್ಟಿ ಮಣ್ಣೂ ಹಾಗೆಯೇ ಎಲ್ಲೋ ಕುಳಿತಿರುತ್ತದೆ, ಅದಕ್ಕೆ ಬಂದ್ ಇಲ್ಲ.

ಬೆಳೆಗಾರರಾದ ನಾವೂ ಸಾಚಾಗಳಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯೂ ಒಂದು ಕೆಲಸದ ಸ್ಥಳವೇ. ಕಾಫಿ ಹಣ್ಣು ತೊಳೆದ ನೀರಿನ ಜೈವಿಕ ಆಮ್ಲಜನಕ ಬೇಡಿಕೆ (ನೀರಿನಲ್ಲಿ ಕೊಳೆ ಎಷ್ಟಿದೆಯೆಂಬುದರ ಅಳತೆ) ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ. ಹೊಳೆಗೆ ಬಿಡಬೇಕಾದರೂ ಜಮೀನಿಗೆ ಹಾಯಿಸಬೇಕಾದರೂ ಅದು ಬಹಳಷ್ಟು ಇಳಿದಿರಬೇಕು. ಜನವರಿಯಲ್ಲಿ ಕೊಲ್ಲಿಗಳು ಹುಳಿ ನಾರುತ್ತಿದ್ದ ಕಾಲದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು ಆ ನೀರಿಗೆ ಹೊಂಡ ಮಾಡಿ ಎಂದಾಗ ಎಲ್ಲರಿಗಿಂತ ಜೋರಾಗಿ ಗೊಣಗಿದವರಲ್ಲಿ ನಾನೂ ಒಬ್ಬ. ಹೊಂಡ ತೋಡಿಸಿದ ಮೇಲೂ ಅದರ ಏರಿ ಸೋರುವುದನ್ನು ನನಗೆ ತೋರಿಸಿದವರು ಅದೇ ರೈಟರು, ಅದೇ ತಲೆಬರಹವಿಲ್ಲದ ಅಂಕಣದಲ್ಲಿ.

ಇನ್ನು ನಿಮ್ಮನ್ನು ಸ್ವಲ್ಪ ಗದರಿಸಬೇಕು. ಮೋರಿ ಮುಚ್ಚಿದ್ದನ್ನು ನೀವು ಮೂವರಿಗೆ ಬಾಯಲ್ಲಿ ಹೇಳಿದಿರಿ, ನಾಲ್ಕನೆಯದಾಗಿ ನನಗೆ ಪತ್ರ ಬರೆದಿರಿ. ಸ್ಥಳದ ದಿನಚರಿ ಪುಸ್ತಕದಲ್ಲಿ ಬರೆದು ಮುಖ್ಯ ಗುತ್ತಿಗೆದಾರರ ಸಹಿ ಪಡೆದಿರೆಂದು ಪತ್ರದಲ್ಲಿಲ್ಲ. ಅನುಮತಿ ಪತ್ರದ ಷರತ್ತುಗಳಿಗೆ ಉತ್ತರಿಸಬೇಕಾದವರು ಅನುಮತಿ ಪಡೆದವರೇ ಹೊರತು ಉಪಗುತ್ತಿಗೆದಾರರಲ್ಲ. ‘ಬಾಬತ್ತಿನಲ್ಲಿಲ್ಲ’ ಎಂಬ ಮಾತನ್ನು ಆ ಮೂವರು ಹೇಳಬಹುದು, ಮೇಲಿನವರು ಹೇಳುವಂತಿಲ್ಲ. ಆದ್ದರಿಂದ ಮೇಲಿನವರಿಗೇ ಬರೆಯಿರಿ. ಪರಿಸರ ನಿರ್ವಹಣೆಯ ಬಾಬತ್ತಿಗೆ ಒಟ್ಟು ಮೊತ್ತವೆಂದು ಒಂದೇ ಸಾಲು ಇಟ್ಟಿದ್ದರೆ ಅದನ್ನು ಒಡೆದು ಚರಂಡಿ, ಹೂಳುಗುಂಡಿ, ತಾರ್ಪಾಲು, ಮೋರಿ ಬಿಡಿಸುವ ಆಳುಗಳೆಂದು ಬೇರೆ ಬೇರೆ ಸಾಲು ಮಾಡಿಸಿ. ಭಾರಿ ಮಳೆಯಲ್ಲಿ ಬರೆಯ ಕೆಳಗಿನ ಕೆಲಸ ನಿಲ್ಲಿಸುವ ಅಧಿಕಾರ ನಿಮಗಿದೆಯೆಂದು ಲಿಖಿತವಾಗಿ ಕೇಳಿ, ಕೊಡದಿದ್ದರೆ ಕೊಡಲಿಲ್ಲವೆಂಬುದನ್ನೂ ಪುಸ್ತಕದಲ್ಲಿ ಬರೆದಿಡಿ. ಯಂತ್ರಗಳಿಂದ ಇಳಿಸಿದ ಹಳೆ ಎಣ್ಣೆಯ ಪೀಪಾಯಿಗಳು ಶೆಡ್ಡಿನ ಹಿಂದೆ ಇದ್ದರೆ ಅವನ್ನು 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲವೆಂಬುದು ನಿಮಗೆ ಗೊತ್ತೇ ಇದೆ, ತಂದಿಟ್ಟ ದಿನಾಂಕವನ್ನು ಪೀಪಾಯಿಯ ಮೇಲೇ ಬರೆಯಿಸಿ. ಟಿಪ್ಪರ್ ಚಾಲಕರೊಂದಿಗೆ ಬೆಳಿಗ್ಗೆ ಹತ್ತು ನಿಮಿಷ ಮಾತಾಡಿ. ಹೊರರಾಜ್ಯದಿಂದ ಬಂದವರಿದ್ದರೆ ಅವರ ಭಾಷೆಯಲ್ಲಿ ಹೇಳುವವರನ್ನು ಜೊತೆಗೆ ಕರೆದೊಯ್ಯಿರಿ. ಮಣ್ಣು ಎಲ್ಲಿ ಬೀಳುತ್ತದೆಂಬುದನ್ನು ಕೊನೆಗೆ ತೀರ್ಮಾನಿಸುವವರು ಅವರು.

ಒಂದು ಮಳೆಮಾಪಕವನ್ನೂ ಕೊಂಡು ಸ್ಥಳದಲ್ಲೇ ನೆಡಿಸಿ, ಮರದ ನೆರಳಿಗೂ ಗೋಡೆಯ ಮರೆಗೂ ಸಿಗದಂತೆ. ಖರ್ಚು ಅವರು ಕೊಡದಿದ್ದರೆ ಪತ್ರಿಕೆಯ ಕಚೇರಿಗೆ ಬನ್ನಿ, ನನ್ನ ಬಳಿ ಹಳೆಯದೊಂದಿದೆ, ಇಂಚಿನ ಲೆಕ್ಕದ್ದು. ಮೋರಿಯ ಬಾಯಿ ಬಿಡಿಸಿದವರು ಯಾರು, ಯಾವ ದಿನ ಎಂಬುದನ್ನು ಮುಂದಿನ ಪತ್ರದಲ್ಲಿ ತಿಳಿಸಿ.