ಬೋನ್ಸಾಯ್ ಸೊರಗುತ್ತಿದೆ, ಮಣ್ಣಲ್ಲಿ ಬಿಳಿ ಹುಳ ಕಾಣಿಸುತ್ತಿದೆ. ಯಾವ ಔಷಧಿ ಹಾಕಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮನೆಯೊಳಗೆ ಇಟ್ಟ ಫೈಕಸ್ ಬೋನ್ಸಾಯ್, ಅಂದರೆ ಚಪ್ಪಟೆ ಪಾಟ್‌ನಲ್ಲಿ ಕುಬ್ಜವಾಗಿ ಬೆಳೆಸಿದ ಆಲದ ಜಾತಿಯ ಮರ. ಒಂದು ತಿಂಗಳಿಂದ ಎಲೆ ಹಳದಿಯಾಗಿ ಉದುರುತ್ತಿದೆ. ಮಣ್ಣು ಕೆದಕಿದರೆ ಸಣ್ಣ ಬಿಳಿ ಹುಳ. ನೀರು ಹಾಕಿದಾಗ ಕಪ್ಪು ಗುಂಗುರುಗಳು ಏಳುತ್ತವೆ. ಯಾವ ಔಷಧಿ ಹಾಕಲಿ, ಮಣ್ಣು ಪೂರ್ತಿ ಬದಲಿಸಿಬಿಡಲಾ ಅಂತ ಕೇಳಿದ್ದೀರಿ.

ಔಷಧಿ ಬಾಟಲಿ ಸದ್ಯಕ್ಕೆ ಕೆಳಗಿಡಿ. ನಾನು ಕೆಳಗಿಡಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನನ್ನದೂ ಫೈಕಸ್ಸೇ. ಇದೇ ಗುಂಗುರು, ಇದೇ ಹಳದಿ ಎಲೆ. ಹುಳ ಬೇರು ತಿನ್ನುತ್ತಿದೆ ಅಂದುಕೊಂಡು ಒಂದು ಕೀಟನಾಶಕವನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ಸುರಿದೆ. ನಾಲ್ಕು ದಿನ ಗುಂಗುರು ಕಮ್ಮಿಯಾಯಿತು. ಉಳಿದಿದ್ದ ಎಲೆಗಳೂ ಉದುರಿದವು. ಕೊನೆಗೆ ಮರವನ್ನು ಪಾಟ್‌ನಿಂದ ಎತ್ತಿ ನೋಡಿದೆ. ಮೇಲೆ ಒಣಗಿದ ಹಾಗೆ ಕಾಣುತ್ತಿದ್ದ ಮಣ್ಣು, ಒಂದು ಹೆಬ್ಬೆರಳು ಕೆಳಗೆ ಪೂರ್ತಿ ಕೆಸರು. ತಳದ ತೂತುಗಳಿಗೆ ಮರದ ಬೇರುಗಳೇ ಬಿರಡೆಯ ಹಾಗೆ ಕೂತಿದ್ದವು. ಹೂದಾನಿಯ ನೀರು ವಾರಗಟ್ಟಲೆ ಬದಲಿಸದೆ ಬಿಟ್ಟರೆ ಬರುತ್ತದಲ್ಲ, ಆ ವಾಸನೆ. ಒಂದು ಬೇರು ಹಿಡಿದು ಎಳೆದರೆ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ನಾರು ಮಾತ್ರ ದಾರದ ಹಾಗೆ ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ ನಾನು.

ಆಗುವುದು ಏನು ಅಂದರೆ, ಎಲೆ ಕಮ್ಮಿಯಾದ ಮರ ನೀರು ಕುಡಿಯುವುದೂ ಕಮ್ಮಿ. ನಾವು ಮಾತ್ರ ಹಳೇ ಲೆಕ್ಕದಲ್ಲೇ ಹಾಕುತ್ತಿರುತ್ತೇವೆ. ಬಾಡಿದ್ದು ಕಂಡರೆ ಪಾಪ ಅಂತ ಇನ್ನರ್ಧ ಲೋಟ ಜಾಸ್ತಿ. ಒದ್ದೆ ಮಣ್ಣಲ್ಲಿ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಕೊಳೆತಲ್ಲಿ ಬೂಷ್ಟು ಬೆಳೆಯುತ್ತದೆ, ಅಲ್ಲಿ ಮೊಟ್ಟೆ ಇಡಲು ಈ ಗುಂಗುರು ಬರುತ್ತದೆ, ಮರಿಗಳು ಆ ಬೂಷ್ಟು ತಿನ್ನುತ್ತವೆ. ಗುಂಗುರಿನ ಹೆಸರೇ ಫಂಗಸ್ ನ್ಯಾಟ್, ಅಂದರೆ ಬೂಷ್ಟಿನ ಗುಂಗುರು. ಮರಿಹುಳಗಳು ಎಳೆಬೇರನ್ನೂ ಕಡಿಯುತ್ತವೆ, ಇಲ್ಲ ಅನ್ನುವುದಿಲ್ಲ. ಗಟ್ಟಿ ಮರಕ್ಕೆ ಅದು ಲೆಕ್ಕಕ್ಕಿಲ್ಲ. ಸೊರಗಿದ ಮರಕ್ಕೆ ಮಾತ್ರ ಹೊರೆ.

ಮೊದಲು ಹುಳ ಯಾವುದು ಅಂತ ಗೊತ್ತಾಗಬೇಕು. ಹಸಿ ಆಲೂಗಡ್ಡೆಯ ಒಂದು ದಪ್ಪ ಬಿಲ್ಲೆ ಕತ್ತರಿಸಿ ಮಣ್ಣಿನ ಮೇಲೆ ಒತ್ತಿಡಿ. ಎರಡು ಮೂರು ದಿನ ಬಿಟ್ಟು ತಿರುವಿ ನೋಡಿ. ಅರ್ಧ ಸೆಂಟಿಮೀಟರ್ ಉದ್ದದ, ಗಾಜಿನ ಹಾಗೆ ಪಾರದರ್ಶಕವಾದ, ಹೊಳೆಯುವ ಕಪ್ಪು ತಲೆಯ ಹುಳ ಅಂಟಿಕೊಂಡಿದ್ದರೆ ಅದು ನ್ಯಾಟ್ ಮರಿ. ಒಂದೆರಡು ಮಿಲಿಮೀಟರ್‌ನ ಬಿಳಿ ಚುಕ್ಕೆಗಳು ನೀರು ಬಿದ್ದ ತಕ್ಷಣ ತೇಲಿ, ಟಪ್ ಅಂತ ನೆಗೆದರೆ ಅವು ಸ್ಪ್ರಿಂಗ್‌ಟೇಲ್. ಕೊಳೆತದ್ದನ್ನು ತಿಂದು ಬದುಕುವ ಸಾಧು ಪ್ರಾಣಿಗಳು. ಅವುಗಳ ತಂಟೆಗೆ ಹೋಗಬೇಡಿ. ಕದಲದೆ, ಬೇರಿಗೂ ಪಾಟ್‌ನ ಒಳಗೋಡೆಗೂ ಹತ್ತಿ ಅಂಟಿಸಿದ ಹಾಗೆ ಬಿಳಿ ಪುಡಿ ಇದ್ದರೆ ಅದು ಬೇರಿನ ರಸ ಹೀರುವ ಹಿಟ್ಟು ತಿಗಣೆ. ಅದು ನಿಜವಾದ ಶತ್ರು, ಅದರ ಮಾತು ಆಮೇಲೆ.

ಮರ ಬದುಕಿದೆಯಾ ಅನ್ನುವುದನ್ನೂ ನೋಡಿಕೊಳ್ಳಿ. ಉಗುರಿನಿಂದ ಕೊಂಬೆಯ ತೊಗಟೆ ತುಸು ಕೆರೆಯಿರಿ. ಒಳಗೆ ಹಸಿರು ಕಂಡು, ಬಿಳಿ ಹಾಲು ಒಸರಿದರೆ ಜೀವ ಇದೆ. ಆ ಹಾಲು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೈ ತೊಳೆದುಕೊಳ್ಳಿ.

ಈಗ ನೀರಿನ ವಿಷಯ. ಬೋನ್ಸಾಯ್ ಪಾಟ್ ಆಳ ಇಲ್ಲದ್ದು, ತೊಂದರೆಯೂ ಅಲ್ಲೇ ಇದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಮಲಗಿಸಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಅದನ್ನೇ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಇಳಿಯುತ್ತದೆ. ಚಪ್ಪಟೆ ಪಾಟ್‌ನ ಮಣ್ಣೂ ಮಲಗಿಸಿದ ಸ್ಪಂಜಿನ ಹಾಗೆ, ತಳದ ನೀರನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೇ ನೀರು ಹಾಕಿದ ಮೇಲೆ ಪಾಟನ್ನು ಒಂದು ಬದಿಗೆ ಚೆನ್ನಾಗಿ ಓರೆ ಮಾಡಿ ಐದು ನಿಮಿಷ ಬಿಡಿ. ಎಷ್ಟು ನೀರು ಹೊರಬರುತ್ತದೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ನನಗಂತೂ ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಅನ್ನಿಸಿತು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ದಿನ ಎಣಿಸಿ ನೀರು ಹಾಕಬೇಡಿ. ಒಂದು ಬಿದಿರಿನ ಕಡ್ಡಿ ಮಣ್ಣಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕೆಳಗಿನ ತುದಿ ಒದ್ದೆಯಿದ್ದರೆ ಇವತ್ತು ಬೇಡ. ಹಾಗಂತ ಪೂರ್ತಿ ಒಣಗಿಸಿಬಿಡಬೇಡಿ, ಉಳಿದಿರುವ ನಾಲ್ಕು ಬೇರೂ ಹೋಗುತ್ತವೆ.

ಮೇಲಿನ ಎರಡು ಸೆಂಟಿಮೀಟರ್ ಒಣಗಿದರೆ ನ್ಯಾಟ್‌ಗೆ ಮೊಟ್ಟೆ ಇಡಲು ಮನಸ್ಸಾಗುವುದಿಲ್ಲ, ಇಟ್ಟರೂ ಮರಿ ಉಳಿಯುವುದು ಕಷ್ಟ. ಮಣ್ಣಿನ ಮೇಲಿನ ಪಾಚಿ, ಉದುರಿದ ಎಲೆ, ಗೊಬ್ಬರದ ಗುಳಿಗೆ ಎಲ್ಲ ತೆಗೆದುಬಿಡಿ. ಬೇವಿನ ಹಿಂಡಿ ಹುಳ ಕೊಲ್ಲುತ್ತದೆ ಅಂತ ಉದುರಿಸುವವರಿದ್ದಾರೆ. ಒದ್ದೆ ಮಣ್ಣಿನ ಮೇಲೆ ಹಿಂಡಿಗೆ ಬೂಷ್ಟು ಹಿಡಿಯುತ್ತದೆ, ನ್ಯಾಟ್‌ಗೆ ಅದೇ ಹಬ್ಬದೂಟ. ಹಾರುವ ಗುಂಗುರಿಗೆ ಹಳದಿ ಅಂಟು ಹಾಳೆ ಸಾಕು. ಚಕ್ಕೆ ಪುಡಿಯನ್ನೂ ಹಾಕಿ ನೋಡಿದ್ದೇನೆ. ಕೋಣೆ ಘಮಘಮ ಅಂದಿತು, ಗುಂಗುರು ತನ್ನ ಪಾಡಿಗೆ ತಾನಿತ್ತು.

ಇಷ್ಟಾದರೂ ಮರಿಹುಳ ಹೋಗದಿದ್ದರೆ ಬಿಟಿಐ ಅನ್ನುವ ಬ್ಯಾಕ್ಟೀರಿಯಾ ಪುಡಿ ಇದೆ. ಸೊಳ್ಳೆ ಮರಿ ಕೊಲ್ಲಲು ಬಳಸುತ್ತಾರಲ್ಲ, ಅದೇ. ಡಬ್ಬಿಯಲ್ಲಿ ಬರೆದ ಅಳತೆಯಂತೆ ನೀರಿಗೆ ಬೆರೆಸಿ ಹಾಕಿ, ಅದೂ ನೀರು ಹಾಕಬೇಕಾದ ದಿನವೇ. ಮರಿ ಅದನ್ನು ತಿಂದರೆ ಮಾತ್ರ ಸಾಯುತ್ತದೆ. ಮೊಟ್ಟೆಗೂ ಹಾರುವುದಕ್ಕೂ ಏನೂ ಆಗುವುದಿಲ್ಲ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಮೂರು ನಾಲ್ಕು ವಾರ ಬೇಕು. ಹಾಗಾಗಿ ವಾರಕ್ಕೊಮ್ಮೆಯಂತೆ ನಾಲ್ಕು ಸಲ ಹಾಕಿ. ಒಂದು ಸಲ ಹಾಕಿ "ಕೆಲಸ ಮಾಡಲಿಲ್ಲ" ಅನ್ನಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ ಅನ್ನುವ ಸಲಹೆ ಜಾಸ್ತಿ ಸಿಗುತ್ತದೆ. ನೊರೆ ಬರುವುದು ನೋಡಲು ಚೆಂದ. ಆದರೆ ಅದಕ್ಕೆ ಹುಳ, ಎಳೆಬೇರು ಅನ್ನುವ ಭೇದ ಇಲ್ಲ. ಸೊರಗಿದ ಮರಕ್ಕೆ ನಾನಂತೂ ಹಾಕುವುದಿಲ್ಲ.

ಮಣ್ಣು ಬದಲಿಸಬೇಕಾ? ಪಾಟ್‌ನ ತಳಕ್ಕೆ ಮೂಗು ಹಿಡಿಯಿರಿ. ಮಣ್ಣಿನ ವಾಸನೆ ಬಂದರೆ, ಹಾಕಿದ ನೀರು ಸರಾಗ ಇಳಿದರೆ, ಬೇರು ಮುಟ್ಟಬೇಡಿ. ಕೊಳೆತ ವಾಸನೆ ಬಂದರೆ ಕಾಲ ನೋಡುತ್ತ ಕೂರಬೇಡಿ. ಎತ್ತಿ, ಕೆಸರು ಬಿಡಿಸಿ, ಮೆತ್ತಗಾದ ಕಪ್ಪು ಬೇರನ್ನು ಮಾತ್ರ ಚೂಪಾದ ಕತ್ತರಿಯಲ್ಲಿ ಕತ್ತರಿಸಿ. ಗಟ್ಟಿ ಬೇರು ಒಂದನ್ನೂ ಮುಟ್ಟಬೇಡಿ. ಆಮೇಲೆ ಮೂರರಿಂದ ಆರು ಮಿಲಿಮೀಟರ್ ಕಾಳಿನ ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು, ಅಕಡಾಮ (ಜಪಾನಿನ ಜೇಡಿಮಣ್ಣಿನ ಕಾಳು) ಇಂಥದ್ದರಲ್ಲಿ ಯಾವುದು ಸಿಗುತ್ತದೋ ಅದನ್ನು ಜರಡಿ ಹಿಡಿದು, ಪುಡಿಯೆಲ್ಲ ತೆಗೆದು ತುಂಬಿಸಿ. ಮರ ಅಲ್ಲಾಡದ ಹಾಗೆ ತಂತಿಯಿಂದ ಪಾಟ್‌ಗೆ ಕಟ್ಟಿ. ಅಲ್ಲಾಡಿದರೆ ಹೊಸ ಬೇರು ತುಂಡಾಗುತ್ತದೆ. ಕಿಟಕಿ ಹತ್ತಿರ ಚೆನ್ನಾಗಿ ಬೆಳಕಿರುವಲ್ಲಿ ಇಡಿ. ಹೊಸ ಚಿಗುರು ಬಲಿಯುವವರೆಗೆ ಗೊಬ್ಬರ ಬೇಡವೇ ಬೇಡ.

ಹಿಟ್ಟು ತಿಗಣೆ ಸಿಕ್ಕರೆ ಇಷ್ಟು ನಾಜೂಕು ಸಾಲದು. ಹಳೇ ಮಣ್ಣು ಪೂರ್ತಿ ಕಸಕ್ಕೆ. ಬೇರನ್ನು ಹರಿಯುವ ನೀರಲ್ಲಿ ಹಿಡಿದು ಮೆತ್ತನೆ ಬ್ರಷ್‌ನಿಂದ ತೊಳೆಯಿರಿ, ಪಾಟನ್ನು ಬಿಸಿನೀರಲ್ಲಿ ಉಜ್ಜಿ. ಪಕ್ಕದ ಕುಂಡಗಳನ್ನೂ ಎತ್ತಿ ನೋಡಿ, ಒಂದರಲ್ಲೇ ನಿಲ್ಲುವ ಜಾತಿ ಅಲ್ಲ ಅದು. ಔಷಧಿಯ ಯೋಚನೆ ಮಾಡುವುದಾದರೆ ಈ ಒಂದಕ್ಕೆ ಮಾತ್ರ, ಅದೂ ಡಬ್ಬಿಯ ಅಳತೆ ಮೀರದೆ.

ಅಂದ ಹಾಗೆ, ಇದೇ ಪ್ರಶ್ನೆ ಇಟ್ಟುಕೊಂಡು ಓದುತ್ತಿರುವವರ ಮರ ಜೂನಿಪರ್ (ಸೈಪ್ರಸ್ ಕುಟುಂಬದ ನಿತ್ಯಹಸಿರು ಮರ) ಆಗಿದ್ದರೆ ಹುಳ ಹುಡುಕುವುದು ಬಿಟ್ಟು ಮೊದಲು ಅದನ್ನು ಹೊರಗಿಡಿ. ಅದು ಮನೆಯೊಳಗೆ ಬಾಳುವ ಮರ ಅಲ್ಲ.

ನನ್ನ ಫೈಕಸ್ ಏಳನೇ ವಾರದಲ್ಲಿ ಕಾಂಡದ ಬುಡದ ಹತ್ತಿರ ಒಂದು ಮೊಗ್ಗು ಒಡೆಯಿತು. ಮೇಲಿನ ಮೂರು ಕೊಂಬೆ ಒಣಗಿ ಹೋದವು, ಅವನ್ನು ಕತ್ತರಿಸಿದೆ. ಈಗಲೂ ನೀರು ಹಾಕಿದರೆ ನಾಲ್ಕೈದು ಸ್ಪ್ರಿಂಗ್‌ಟೇಲ್ ನೆಗೆಯುತ್ತವೆ.

ನೀವು ಇವತ್ತು ಆಲೂಗಡ್ಡೆ ಇಡಿ. ಹುಳದ ತಲೆ ಕಪ್ಪೋ ಅಲ್ಲವೋ ಬರೆಯಿರಿ, ಸಾಧ್ಯವಾದರೆ ಪಾಟ್‌ನ ತಳದ ಫೋಟೋನೂ ಹಾಕಿ.