ಓದುಗರ ಪ್ರಶ್ನೆ: ಹುಲಿ ಎಣಿಸುವ ಕಾಡಿನಲ್ಲಿ ಮರವನ್ನೇಕೆ ಅಳೆಯಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಡುಪ್ರಾಣಿಗಳ ಗಣತಿಯನ್ನು ಕುರಿತವು. ಮರಗಳ ಬಗ್ಗೆ ಕೇಳಿದವರು ಕಡಿಮೆ. ಎರಡೂ ಬಗೆಯ ಪ್ರಶ್ನೆಗಳನ್ನು ಒಟ್ಟಿಗೇ ಎತ್ತಿಕೊಂಡಿದ್ದೇನೆ. ಪ್ರಾಣಿಯ ಸಂಖ್ಯೆಯೊಂದನ್ನೇ ನೋಡುತ್ತ ಕೂತರೆ ಅದು ಏಕೆ ಏರಿತು, ಏಕೆ ಇಳಿಯಿತು ಎಂಬುದಕ್ಕೆ ಉತ್ತರ ದೊರೆಯುವುದಿಲ್ಲ.

ದೇಶದಲ್ಲಿ 3,682 ಹುಲಿಗಳಿವೆ ಎನ್ನುತ್ತಾರೆ. ಅಷ್ಟನ್ನೂ ಯಾರಾದರೂ ಕಂಡಿದ್ದಾರೆಯೇ? ಕಾಣದ ಹುಲಿಯನ್ನು ಲೆಕ್ಕಕ್ಕೆ ಸೇರಿಸುವುದು ಎಷ್ಟು ಸರಿ? – ಓದುಗರೊಬ್ಬರು, ಶಿವಮೊಗ್ಗ

ಎಲ್ಲವನ್ನೂ ಕಂಡಿಲ್ಲ, ಕಂಡಿದ್ದೇವೆಂದು ಗಣತಿ ಮಾಡಿದವರೂ ಹೇಳುವುದಿಲ್ಲ. 2022ರ ಅಖಿಲ ಭಾರತ ಗಣತಿಯಲ್ಲಿ ಕ್ಯಾಮೆರಾಗಳಿಗೆ ಸಿಕ್ಕು, ಪಟ್ಟೆಗಳ ಆಧಾರದಿಂದ ಬೇರೆ ಬೇರೆ ಎಂದು ಗುರುತಿಸಲಾದ, ಒಂದು ವರ್ಷ ಮೀರಿದ ಹುಲಿಗಳು 3,080. ನೀವು ಓದಿದ 3,682 ಒಂದು ಅಂದಾಜಿನ ಸರಾಸರಿ. ಅದರ ಕೆಳಮಿತಿ 3,167, ಮೇಲ್ಮಿತಿ 3,925. ಸುದ್ದಿಯಲ್ಲಿ ಸರಾಸರಿ ಮಾತ್ರ ಉಳಿದು ಮಿತಿಗಳು ಬಿದ್ದುಹೋಗುತ್ತವೆ, ಆಗ ನಿಮ್ಮಂತೆ ಯೋಚಿಸುವವರಿಗೆ ಅನುಮಾನ ಹುಟ್ಟುವುದು ಸಹಜ.

ಕಾಣದ್ದನ್ನು ಲೆಕ್ಕಕ್ಕೆ ತರುವ ತರ್ಕ ಸರಳವಾಗಿದೆ. ಒಂದು ಕಾಡಿನಲ್ಲಿ ಮೊದಲ ಸುತ್ತಿನಲ್ಲಿ 30 ಹುಲಿಗಳ ಚಿತ್ರ ಸಿಕ್ಕಿತು, ಎರಡನೆಯ ಸುತ್ತಿನಲ್ಲಿ 20 ಸಿಕ್ಕವು, ಆ 20ರಲ್ಲಿ 15 ಮೊದಲೇ ಕಂಡವು ಎಂದುಕೊಳ್ಳಿ. ಎರಡನೆಯ ಸುತ್ತಿನಲ್ಲಿ ಸಿಕ್ಕವುಗಳಲ್ಲಿ ಮುಕ್ಕಾಲು ಪಾಲು ಹಳೆಯವಾದರೆ, ಮೊದಲ ಸುತ್ತು ಆ ಕಾಡಿನ ಹುಲಿಗಳ ಮುಕ್ಕಾಲು ಪಾಲನ್ನು ಹಿಡಿದಿತ್ತು ಎಂದಾಯಿತು. ಅಂದರೆ ಒಟ್ಟು ಸುಮಾರು 40. ಎಲ್ಲ ಹುಲಿಗಳೂ ಕ್ಯಾಮೆರಾದ ಮುಂದೆ ಸಮನಾಗಿ ಹಾಯುವುದಿಲ್ಲ, ಕೆಲವಕ್ಕೆ ಕ್ಯಾಮೆರಾ ಇರುವ ದಾರಿ ತಮ್ಮ ಸರಹದ್ದಿನ ಅಂಚಿಗೆ ಬರುತ್ತದೆ. ಆದ್ದರಿಂದ ಈಗಿನ ಲೆಕ್ಕಾಚಾರದಲ್ಲಿ ಪ್ರತಿ ಚಿತ್ರ ಎಲ್ಲಿ ಸಿಕ್ಕಿತು ಎಂಬುದೂ ಸೇರುತ್ತದೆ. ಹುಲಿಯ ಎಡಮೈ ಮತ್ತು ಬಲಮೈಯ ಪಟ್ಟೆಗಳು ಒಂದೇ ತೆರನಾಗಿಲ್ಲದಿರುವುದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಹುಟ್ಟು, ಸಾವು, ವಲಸೆಗಳಿಂದ ಲೆಕ್ಕ ಕದಡಬಾರದೆಂದು ಕೆಲಸವನ್ನು ಕೆಲವೇ ವಾರಗಳಲ್ಲಿ ಮುಗಿಸುತ್ತಾರೆ.

ಈ ವಿಧಾನವನ್ನು ಹುಲಿಗೆ ಮೊದಲು ಅಳವಡಿಸಿದ್ದು ನಮ್ಮ ನಾಗರಹೊಳೆಯಲ್ಲಿ. 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮಾಡಿದ ಈ ಕೆಲಸ 1995ರಲ್ಲಿ ಪ್ರಕಟವಾಯಿತು. ದೇಶ ಅದನ್ನು ಒಪ್ಪಿಕೊಳ್ಳಲು ಇನ್ನೂ ಹತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಹೆಜ್ಜೆಗುರುತಿನ ಮೇಲೆ ಗಾಜಿಟ್ಟು ಗೆರೆ ಎಳೆದು, ಆ ಗೆರೆಗಳನ್ನು ಹೋಲಿಸಿ ಹುಲಿಗಳನ್ನು ಎಣಿಸುತ್ತಿದ್ದರು. ರಾಜಸ್ಥಾನದ ಸರಿಸ್ಕಾದ ದಾಖಲೆಗಳಲ್ಲಿ ಹುಲಿಗಳಿದ್ದವು, ಆದರೆ 2005ರ ವೇಳೆಗೆ ಕಾಡಿನಲ್ಲಿ ಒಂದೂ ಉಳಿದಿಲ್ಲವೆಂದು ತಿಳಿಯಿತು. ಹಳೆಯ ಪದ್ಧತಿಯ ಕೊನೆ ಅಲ್ಲಿಗೆ ಬಂತು. ಹೊಸ ವಿಧಾನದ ಮೊದಲ ಗಣತಿ 2006ರದು. ಆಗ ಬಂದ ಅಂದಾಜು 1,411. ಅದಕ್ಕೂ ಹಿಂದಿನ ಅಂಕಿಗಳನ್ನು ಇದೇ ಸಾಲಿನಲ್ಲಿಟ್ಟು ರೇಖಾಚಿತ್ರ ಬರೆಯುವವರನ್ನು ಈಗಲೂ ಕಾಣುತ್ತೇವೆ, ಅದು ತಪ್ಪು.

ಕರ್ನಾಟಕದಲ್ಲಿ 2023ರಲ್ಲಿ 6,395 ಆನೆಗಳಿದ್ದವು, 2025ರ ವರದಿಯಲ್ಲಿ 6,013. ಉಳಿದವು ಎಲ್ಲಿ ಹೋದವು? – ಪದವಿ ವಿದ್ಯಾರ್ಥಿನಿ, ಚಾಮರಾಜನಗರ

ಎಲ್ಲಿಗೂ ಹೋಗಿಲ್ಲ ಎಂದು ಹೇಳಲು ಬರುವುದಿಲ್ಲ, ಹೋಗಿವೆ ಎಂದು ಹೇಳಲಂತೂ ಬರುವುದೇ ಇಲ್ಲ, ಏಕೆಂದರೆ ಇವು ಬೇರೆ ಬೇರೆ ಅಳತೆಗೋಲಿನಿಂದ ಬಂದ ಅಂಕಿಗಳು. 2023ರ ರಾಜ್ಯದ ಅಂದಾಜು ನಿಂತಿದ್ದುದು ಕಾಡನ್ನು ಭಾಗ ಮಾಡಿ ನಡೆದು ಕಂಡ ಆನೆಗಳನ್ನು ಎಣಿಸುವುದು, ಲದ್ದಿಯ ಸಾಂದ್ರತೆಯನ್ನು ಅಳೆಯುವುದು ಮುಂತಾದ ರೂಢಿಯ ವಿಧಾನಗಳ ಮೇಲೆ. 2025ರ ಅಕ್ಟೋಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಲ್ಲಿ ಮೊದಲ ಬಾರಿಗೆ ಲದ್ದಿಯ ಡಿಎನ್ಎ ಬಳಸಿದ್ದಾರೆ. ಆನೆಗೆ ಹುಲಿಯಂತೆ ಪಟ್ಟೆಗಳಿಲ್ಲ. ಹೊಸ ಲದ್ದಿಯ ಮೇಲ್ಪದರದಲ್ಲಿ ಅಂಟಿರುವ ಕರುಳಿನ ಜೀವಕೋಶಗಳೇ ಅದರ ಗುರುತುಚೀಟಿ. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಮಾದರಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಆನೆಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಅದರ ಆಧಾರದ ಮೇಲೆ ದೇಶದಲ್ಲಿ 22,446 ಆನೆಗಳಿವೆ ಎಂದು ಅಂದಾಜಿಸಲಾಗಿದೆ. 2017ರಲ್ಲಿ ಹಳೆಯ ವಿಧಾನದಿಂದ ಬಂದಿದ್ದ ರಾಷ್ಟ್ರೀಯ ಅಂಕಿ 29,964. ಏಳೂವರೆ ಸಾವಿರ ಆನೆಗಳು ಸತ್ತವೆಂಬ ತಲೆಬರಹಗಳಿಗೆ ಇಲ್ಲಿ ಆಧಾರವಿಲ್ಲ. ಹೊಸ ಅಂಕಿಯನ್ನು ಮುಂದಿನ ಹೋಲಿಕೆಗೆ ಮೊದಲ ಮೆಟ್ಟಿಲೆಂದು ತೆಗೆದುಕೊಂಡು, ಇದೇ ವಿಧಾನದಿಂದ ಮತ್ತೆ ಎಣಿಸುವವರೆಗೆ ಕಾಯಬೇಕು.

ಪ್ರಾಣಿಗಳು ಓಡಾಡುತ್ತವೆ, ಎಣಿಸುವುದು ಕಷ್ಟ, ಒಪ್ಪಿದೆ. ನಿಂತಲ್ಲೇ ನಿಂತಿರುವ ಮರವನ್ನು ವರ್ಷಾನುಗಟ್ಟಲೆ ಅಳೆಯುವುದರಿಂದ ಏನು ತಿಳಿಯುತ್ತದೆ? ಉಪಗ್ರಹದ ಚಿತ್ರ ಸಾಲದೇ? – ನಿವೃತ್ತ ಶಿಕ್ಷಕರು, ಧಾರವಾಡ

ಬಂಡೀಪುರಕ್ಕೆ ತಾಗಿಕೊಂಡಿರುವ ಮುದುಮಲೆಯಲ್ಲಿ, ತಮಿಳುನಾಡಿನ ಗಡಿಯೊಳಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರಿನ ಒಂದು ತುಂಡು ಕಾಡನ್ನು ಗುರುತಿಸಿದರು. ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ಆರಂಭವಾದ ಆ ಕೆಲಸದಲ್ಲಿ, ಎದೆಯ ಎತ್ತರದಲ್ಲಿ, ಅಂದರೆ ನೆಲದಿಂದ 1.3 ಮೀಟರಿನಲ್ಲಿ, ಒಂದು ಸೆಂಟಿಮೀಟರ್ ದಪ್ಪವಿರುವ ಸಣ್ಣ ಗಿಡದಿಂದ ಹಿಡಿದು ಪ್ರತಿಯೊಂದು ಕಾಂಡಕ್ಕೂ ಸಂಖ್ಯೆಯ ತಗಡು ಕಟ್ಟಿ ನಕ್ಷೆಯಲ್ಲಿ ಗುರುತು ಮಾಡಲಾಯಿತು. ಯಾವುದು ಸತ್ತಿತು, ಯಾವುದು ಹೊಸದಾಗಿ ಸೇರಿತು ಎಂದು ವರ್ಷವರ್ಷವೂ ನೋಡುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಎಲ್ಲದರ ಸುತ್ತಳತೆಯನ್ನೂ ತೆಗೆಯುತ್ತಾರೆ. ಮತ್ತಿ, ನಂದಿ, ದಿಂಡಿಗ, ತೇಗ ಅಲ್ಲಿಯ ಮುಖ್ಯ ಮರಗಳು.

ಆ ದಾಖಲೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ನಾಯಿಬೆಂಡೆ. ಆರಂಭದಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ಈ ಮರ ಕೆಲವೇ ವರ್ಷಗಳಲ್ಲಿ ನೂರರ ಲೆಕ್ಕಕ್ಕೆ ಇಳಿಯಿತು. ಕಾರಣ ಆನೆ. ನಾಯಿಬೆಂಡೆಯ ನಾರುತೊಗಟೆ ಆನೆಗೆ ಪ್ರಿಯ. ಕೈಗೆಟುಕುವ ಕಾಂಡಗಳನ್ನು ಮುರಿದು, ಸಿಗಿದು ತಿನ್ನುತ್ತದೆ. ಮುರಿದದ್ದು ಚಿಗುರಬೇಕೆಂದರೆ ಬೇಸಗೆಯ ಬೆಂಕಿ ಬಂದು ಚಿಗುರನ್ನು ಸುಡುತ್ತದೆ. ಇದೇ ಅವಧಿಯಲ್ಲಿ ದೊಡ್ಡ ಮತ್ತಿಗಳೂ ನಂದಿಗಳೂ ಹೆಚ್ಚು ಕದಲದೆ ನಿಂತಿದ್ದವು. ಆಕಾಶದಿಂದ ನೋಡಿದ ಕಣ್ಣಿಗೆ ಕಾಡು ಹಸಿರಾಗಿಯೇ ಇತ್ತು, ಮರಗಳ ಮೇಲ್ಚಾವಣಿಯೂ ಹಾಗೇ ಇತ್ತು. ಅದರ ಕೆಳಗೆ ಆನೆಯ ಮೇವಿನ ಒಂದು ಮುಖ್ಯ ಭಾಗ ಕರಗುತ್ತಿತ್ತು. ಉಪಗ್ರಹ ಬೇಕು, ಅದರ ಹರವು ಮನುಷ್ಯರ ಕಾಲಿಗೆ ಎಟುಕುವಂಥದ್ದಲ್ಲ. ಆದರೆ ಒಂದು ಮರ ಸತ್ತದ್ದು ಆನೆಯಿಂದಲೋ ಬೆಂಕಿಯಿಂದಲೋ ಬರದಿಂದಲೋ ಎಂಬುದನ್ನು ಬುಡಕ್ಕೆ ಹೋಗಿ ನೋಡಿದವರೇ ಹೇಳಬೇಕು.

ಇಂಥ ಕೆಲಸಕ್ಕೆ ಸುದ್ದಿಯ ಬೆಲೆ ಕಡಿಮೆ. ಮೂರು ವರ್ಷದ ಯೋಜನೆಗೆ ಹಣ ಕೊಡುವವರು ಸಿಗುತ್ತಾರೆ, ಮೂವತ್ತು ವರ್ಷದ್ದಕ್ಕೆ ಸಿಗುವುದಿಲ್ಲ. ಮರದ ಆಯುಷ್ಯ ಯೋಜನೆಯ ಅವಧಿಗೆ ಹೊಂದಿಕೊಳ್ಳುವುದಿಲ್ಲವಾದ್ದರಿಂದ ಅರ್ಧಕ್ಕೆ ನಿಂತ ಅಳತೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ತೋಟದ ಹಳೆಯ ಅತ್ತಿ, ಹಲಸು, ಬಳಂಜಿಗಳನ್ನು ತೆಗೆದು ಸಿಲ್ವರ್ ಓಕ್ ಹಾಕಿದ್ದೇವೆ. ನೆರಳಂತೂ ಇದೆ. ಪ್ರಾಣಿಗಳಿಗೆ ಇದರಿಂದ ವ್ಯತ್ಯಾಸವಾಗುತ್ತದೆಯೇ? – ಕಾಫಿ ಬೆಳೆಗಾರರು, ಕೊಡಗು

ಆಗುತ್ತದೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ನೇರವಾಗಿ, ಬೇಗನೆ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿಯಲು ನಾಡಮರಗಳಿಗಿರುವಷ್ಟು ಕಾನೂನಿನ ತೊಡಕಿಲ್ಲ. ಈ ಕೊನೆಯ ಕಾರಣವನ್ನು ಪರಿಸರವಾದಿಗಳು ಹಗುರವಾಗಿ ಕಾಣುತ್ತಾರೆ. ತಾನೇ ಬೆಳೆಸಿದ ನಂದಿ ಮರವನ್ನು ಮಾರಲು ಕಚೇರಿಗಳನ್ನು ಸುತ್ತಬೇಕಾದ ರೈತ ಮುಂದಿನ ಸಲ ಸಿಲ್ವರ್ ಓಕನ್ನೇ ನೆಟ್ಟರೆ ಅವನನ್ನು ದೂರುವುದು ನ್ಯಾಯವಲ್ಲ.

ಪ್ರಾಣಿಗಳ ಕಡೆಯಿಂದ ನೋಡಿದರೆ ಅದರಲ್ಲಿ ತಿನ್ನುವ ಹಣ್ಣಿಲ್ಲ. ಅತ್ತಿ, ಬಸರಿ, ಗೋಣಿ ಮರಗಳು ಉಳಿದವು ಹಣ್ಣು ಬಿಡದ ತಿಂಗಳಲ್ಲೂ ಫಲ ಹೊರುತ್ತವೆ. ಒಂದೇ ಜಾತಿಯ ಮರಗಳೂ ಬೇರೆ ಬೇರೆ ಕಾಲಕ್ಕೆ ಹಣ್ಣಾಗುವುದರಿಂದ ಕಬ್ಬೆಕ್ಕು, ಬಾವಲಿ, ಕೆಂಜಳಿಲುಗಳಿಗೆ ವರ್ಷದ ಕೊರತೆಯ ದಿನಗಳು ಅವುಗಳ ಮೇಲೆಯೇ ಕಳೆಯುತ್ತವೆ. ಕೆಂಜಳಿಲು ನೆಲಕ್ಕಿಳಿಯುವುದು ಅಪರೂಪ, ಅದಕ್ಕೆ ಕೊಂಬೆಗೆ ಕೊಂಬೆ ತಾಗಿರಬೇಕು; ಎತ್ತರಕ್ಕೆ ಹೋಗಿ ರೆಂಬೆ ಸವರಿಸಿಕೊಂಡು ನಿಂತ ಸಿಲ್ವರ್ ಓಕಿನ ಸಾಲಿನಲ್ಲಿ ಆ ದಾರಿ ಇರುವುದಿಲ್ಲ. ಆನೆಯ ವಿಷಯ ಬೇರೆ. ಹಲಸು ಹಣ್ಣಾಗುವ ಕಾಲಕ್ಕೆ ಅವು ತೋಟಕ್ಕೆ ಬರುವುದು ನಿಮಗೆ ಗೊತ್ತಿದೆ, ಕೊಡಗಿನ ಆನೆಲದ್ದಿಯಲ್ಲಿ ಕಾಫಿ ಬೀಜಗಳೂ ಸಿಕ್ಕಿವೆ. ಹಲಸನ್ನು ಕಡಿದರೆ ಆನೆ ಬರುವುದು ನಿಲ್ಲುತ್ತದೆಂಬ ನಂಬಿಕೆಯಿಂದ ಮರ ತೆಗೆಯಬೇಡಿ. ತೋಟದ ಕೆರೆಯ ನೀರಿಗೂ ಹಗಲಿನ ಮರೆಗೂ ಅವು ಬರುತ್ತವೆ. ಉಳಿದ ನಾಡಮರಗಳಿಗೆ ಒಂದೊಂದು ಸಂಖ್ಯೆ ಕೊಟ್ಟು, ಯಾವಾಗ ಹೂ ಬಿಟ್ಟಿತು, ಹಣ್ಣಾಯಿತು, ಯಾವ ಪ್ರಾಣಿ ಬಂತು ಎಂದು ವಾರಕ್ಕೊಮ್ಮೆ ಬರೆದಿಡಬಹುದು. ಮಳೆಯ ಲೆಕ್ಕವನ್ನು ತಲೆಮಾರುಗಳಿಂದ ಬರೆದಿಡುವ ಕೊಡಗಿನ ಮನೆಗಳಿಗೆ ಇದು ಹೊಸ ಅಭ್ಯಾಸವೇನಲ್ಲ.

ಲಂಟಾನ ತೆಗೆದರೆ ಕಾಡು ಹಿಂದಿನಂತಾಗುತ್ತದೆಯೇ? – ಓದುಗರೊಬ್ಬರು, ಕೊಳ್ಳೇಗಾಲ

ಹೊರನಾಡಿನಿಂದ ಬಂದು ನಮ್ಮ ಕಾಡುಗಳಲ್ಲಿ ಹಬ್ಬಿರುವ ಈ ಪೊದೆಗಿಡವನ್ನು ತೆಗೆದಷ್ಟಕ್ಕೇ ತಾನಾಗಿ ಆಗುವುದಿಲ್ಲ. ನಿಮಗೆ ಹತ್ತಿರದ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಅಧ್ಯಯನದ ತಾಣಗಳ ಅರ್ಧಕ್ಕಿಂತ ಕಡಿಮೆ ಭಾಗದಲ್ಲಿದ್ದ ಲಂಟಾನ 2008ರ ವೇಳೆಗೆ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ತಾಣಗಳಿಗೆ ಹಬ್ಬಿತ್ತು. 1974ರಲ್ಲಿ ವನ್ಯಧಾಮವಾದ ಮೇಲೆ ತಮ್ಮ ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತಾರೆ. ಬೇಸಗೆ ಬಲಿಯುವ ಮೊದಲೇ ಒಣ ಎಲೆಗೆ ಹಚ್ಚುತ್ತಿದ್ದ ಆ ಸಣ್ಣ ಬೆಂಕಿ ಲಂಟಾನದ ಎಳೆಯ ಗಿಡಗಳನ್ನೂ, ನೆಲ್ಲಿಮರದ ಮೇಲೆ ಬೆಳೆಯುವ ಉಪ್ಪಿಲು ಎಂಬ ಬಂದಳಿಕೆಯನ್ನೂ ಹತೋಟಿಯಲ್ಲಿಡುತ್ತಿತ್ತು ಎಂಬುದು ಅವರ ವಾದ. ನನಗೆ ಆ ವಾದದಲ್ಲಿ ಹುರುಳಿದೆ ಅನ್ನಿಸುತ್ತದೆ. ಆದರೆ ಈಗ ಆಳೆತ್ತರಕ್ಕೆ ಹೆಣೆದುಕೊಂಡ ಲಂಟಾನಕ್ಕೆ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯದೆ ಮರದ ತುದಿಗೇರುತ್ತದೆ, ಆದ್ದರಿಂದ ಹಳೆಯ ಪದ್ಧತಿಗೆ ಮರಳುವ ಮೊದಲು ಕೈಯಿಂದ ತೆಗೆಯಲೇಬೇಕು.

ತೆಗೆಯುವಾಗ ಮೇಲಿನಿಂದ ಸವರಿದರೆ ದುಪ್ಪಟ್ಟು ಚಿಗುರುತ್ತದೆ. ನೆಲದ ಮಟ್ಟಕ್ಕಿಂತ ಕೆಳಗೆ ಬೇರುಬುಡವನ್ನು ಕತ್ತರಿಸಿ ಬುಡಮೇಲು ಮಾಡಿಡಬೇಕು. ಪಿಕಳಾರದಂಥ ಹಕ್ಕಿಗಳು ಬೀಜವನ್ನು ಮತ್ತೆ ತಂದು ಹಾಕುವುದರಿಂದ ಕೆಲವು ವರ್ಷ ಬಿಡದೆ ಸಸಿ ಕೀಳಬೇಕು. ಎಷ್ಟು ಹೆಕ್ಟೇರ್ ತೆಗೆದೆವೆಂಬುದು ಖರ್ಚಿನ ಲೆಕ್ಕವಷ್ಟೇ. ಅಲ್ಲಿ ಹುಲ್ಲು ಬಂತೇ, ನೆಲ್ಲಿಯ ಸಸಿ ಎದ್ದಿತೇ, ಜಿಂಕೆ ಮತ್ತು ಕಾಟಿ ಮೇಯಲು ಬಂದವೇ ಎಂಬುದನ್ನು, ತೆಗೆಯದೆ ಬಿಟ್ಟ ಪಕ್ಕದ ತುಣುಕಿನೊಡನೆ ಹೋಲಿಸಿ ನೋಡಬೇಕು. ಹೋಲಿಸಲು ಏನನ್ನೂ ಬಿಡದೆ ಎಲ್ಲವನ್ನೂ ಒಟ್ಟಿಗೆ ಕಿತ್ತರೆ, ಬಂದ ಹುಲ್ಲು ಆ ಕೆಲಸದಿಂದಲೋ ಆ ವರ್ಷದ ಒಳ್ಳೆಯ ಮಳೆಯಿಂದಲೋ ಎಂದು ಯಾರೂ ಹೇಳಲಾರರು.

ನಮ್ಮೂರ ತೋಪಿನಲ್ಲಿ ಕಾಡುಪಾಪಗಳಿವೆ. ಶಾಲೆಯ ಮಕ್ಕಳಿಂದ ಎಣಿಸಬಹುದೇ? – ಶಿಕ್ಷಕಿ, ತುಮಕೂರು ಜಿಲ್ಲೆ

ಮರದ ಮೇಲೆ ಬಾಳುವ, ರಾತ್ರಿ ಓಡಾಡುವ ಈ ಪುಟ್ಟ ಪ್ರಾಣಿಯನ್ನು ಹಿರಿಯರ ಜೊತೆಯಿದ್ದರೆ ಮಕ್ಕಳೂ ಎಣಿಸಬಹುದು. ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ. ರಾತ್ರಿ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ನಡೆಯಿರಿ. ದೀಪಕ್ಕೆ ಬೆಳಕು ಹಾಯುವ ಕೆಂಪು ಕಾಗದ ಕಟ್ಟಿದರೆ ಅವುಗಳ ಕಣ್ಣಿಗೆ ತೊಂದರೆ ಕಡಿಮೆ, ಕಣ್ಣಿನ ಹೊಳಪು ನಿಮಗೆ ಕಾಣುತ್ತದೆ. ನಡೆದ ದೂರ, ಹಿಡಿದ ಸಮಯ, ಕಂಡ ಮರದ ಜಾತಿ, ಪಕ್ಕದ ಮರಕ್ಕೆ ಕೊಂಬೆ ತಾಗಿದೆಯೇ ಎಂಬುದನ್ನು ಬರೆದುಕೊಳ್ಳಿ. ಒಂದೂ ಕಾಣದ ರಾತ್ರಿಯನ್ನೂ ತಪ್ಪದೆ ಬರೆಯಿರಿ. ಮುಟ್ಟಬೇಡಿ, ಹಿಡಿಯಬೇಡಿ. ವಾಮಾಚಾರಕ್ಕಾಗಿ ಅವುಗಳನ್ನು ಹಿಡಿಯುವವರು ಇರುವುದರಿಂದ ಚಿತ್ರವನ್ನಾಗಲಿ ತೋಪಿನ ಹೆಸರನ್ನಾಗಲಿ ವಾಟ್ಸಾಪಿನಲ್ಲಿ ಹಂಚಬೇಡಿ. ನಿಮ್ಮ ಊರಿನ ಹೆಸರನ್ನು ನಾನೂ ಇಲ್ಲಿ ಬಿಟ್ಟಿದ್ದೇನೆ.